ಜಿರಲೆ ಕಂಡರೂ ಕಿರುಚದ ಸೊಸೆ

ಸೊಸೆಯ ಮೇಲೆ ಸಿದ್ದಲಿಂಗಮ್ಮನಿಗೆ ಅನುಮಾನ ಹುಟ್ಟಿದ್ದು ಒಂದು ಜಿರಲೆಯಿಂದ.

ಲಷ್ಕರ್ ಮೊಹಲ್ಲಾದ ಆ ವಠಾರದಲ್ಲಿ ಜಿರಲೆ ಇಲ್ಲದ ಮನೆಯೇ ಇರಲಿಲ್ಲ. ಬಚ್ಚಲ ತೂಬಿನಿಂದ ಬಂದು, ಸೌದೆ ಸಂದಿಯಲ್ಲಿ ಅಡಗಿ, ಹೊತ್ತು ನೋಡಿ ಅಡಿಗೆಮನೆಯ ಗೋಡೆ ಹತ್ತುತ್ತಿದ್ದವು. ಕಂಡಾಗಲೆಲ್ಲ ಸಿದ್ದಲಿಂಗಮ್ಮ "ಅಯ್ಯೋ ಶಿವನೇ" ಎಂದು ಚೀರಿ, ಪೊರಕೆಯೋ ಸೌಟೋ ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದಳು. ಜಿರಲೆ ತಪ್ಪಿಸಿಕೊಳ್ಳುತ್ತಿತ್ತು, ಉಪ್ಪಿನ ಜಾಡಿ ಉರುಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ತಾನೊಬ್ಬಳೇ ದುಡಿದು ಮಗ ಬಸವರಾಜುವನ್ನು ಓದಿಸಿ ರೈಲ್ವೆ ವರ್ಕ್‌ಶಾಪಿಗೆ ಸೇರಿಸಿದ ಗಟ್ಟಿ ಹೆಂಗಸು ಅವಳು. ಜಿರಲೆಯೊಂದರ ಮುಂದೆ ಮಾತ್ರ ಆ ಗಟ್ಟಿತನ ನಡೆಯುತ್ತಿರಲಿಲ್ಲ.

ಸೊಸೆ ಶಾಂತಾದೇವಿ ನಂಜನಗೂಡಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ರೊಟ್ಟಿ ಬೇಯಿಸುತ್ತಿದ್ದಾಗ ದಪ್ಪ ಜಿರಲೆಯೊಂದು ಪುರ್ರನೆ ಹಾರಿ ಬಂದು ಅವಳ ತೋಳಿನ ಮೇಲೆ ಕೂತಿತು. ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಕಿಟಾರನೆ ಕಿರುಚಿದಳು. ಸೊಸೆ ಕಿರುಚಲಿಲ್ಲ. ಕಾವಲಿಯನ್ನು ಒಲೆಯಿಂದ ಇಳಿಸಿಟ್ಟು, ಹಿತ್ತಲ ಬಾಗಿಲವರೆಗೆ ನಡೆದು, ತೋಳು ಒದರಿದಳು. ಕೈ ತೊಳೆದುಕೊಂಡು ಬಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಇದು ಸಿದ್ದಲಿಂಗಮ್ಮನಿಗೆ ಸರಿಬೀಳಲಿಲ್ಲ. ಹೆಣ್ಣಾದವಳಿಗೆ ಇಂಥ ತಣ್ಣನೆಯ ಎದೆ ಎಲ್ಲಿಂದ ಬಂತು? ಮಾರನೆಯ ದಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ಹೇಳಿದಳು.

ಪುಟ್ಟತಾಯಮ್ಮ ಬಿಂದಿಗೆ ಕೆಳಗಿಟ್ಟು, ದನಿ ತಗ್ಗಿಸಿ, "ಉಸಾರಾಗಿರಿ ಕಣಮ್ಮ. ನಿಮ್ಮ ಮಗ ಈಗೀಗ ಯಾರ ಮಾತು ಕೇಳ್ತಾನೆ, ಅದ ನೋಡ್ಕಳಿ" ಎಂದಳು.

ನೋಡಿಕೊಂಡರೆ ಹೌದೆನಿಸಿತು. "ಶಾಂತಾ ಹೇಳೋದೂ ಸರಿ ಕಣವ್ವ" ಎಂಬ ಮಾತು ಬಸವರಾಜುವಿನ ಬಾಯಲ್ಲಿ ಮೇಲಿಂದ ಮೇಲೆ ಬರುತ್ತಿತ್ತು.

ಒಂದು ಸೋಮವಾರ ಶಾಂತಾದೇವಿ ವಿಭೂತಿ ತರುತ್ತೇನೆಂದು ಹೊರಟಳು. ಹೂವಿನ ನೆಪ ಮಾಡಿಕೊಂಡು ಅತ್ತೆಯೂ ಹಿಂದೆಯೇ ಹೋದಳು. ಮಾರ್ಕೆಟ್ಟಿನ ಬಳಿ ಪೂಜೆ ಸಾಮಾನು, ನಾರುಬೇರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಸೊಸೆ ವಿಭೂತಿಯ ಜೊತೆಗೆ ಇನ್ನೊಂದು ಪೊಟ್ಟಣ ಕಟ್ಟಿಸಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನೆಯಲ್ಲಿ ಹೊರಬಂದದ್ದು ವಿಭೂತಿ ಮಾತ್ರ.

ಮಧ್ಯಾಹ್ನ ಸಿದ್ದಲಿಂಗಮ್ಮ ನಡುಮನೆಯಲ್ಲಿ ಚಾಪೆ ಹಾಸಿ ನಿದ್ದೆ ಬಂದವಳಂತೆ ಮಲಗಿದಳು. ಅರೆಗಣ್ಣಿನಲ್ಲಿ ಅಡಿಗೆಮನೆ ಕಾಣುತ್ತಿತ್ತು. ಸೊಸೆ ಯಾವುದೋ ಬಿಳಿ ಪುಡಿಯನ್ನು ಹಿಟ್ಟಿನ ಜೊತೆ, ಬೆಲ್ಲದ ಜೊತೆ ಕಲಸಿ, ಗೋಲಿಗಿಂತ ಸಣ್ಣ ಉಂಡೆಗಳನ್ನು ಕಟ್ಟಿದಳು. ಅತ್ತ ಇತ್ತ ನೋಡಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು.

ಕೈಮದ್ದು! ಊಟದಲ್ಲಿ ಬೆರೆಸಿ, ತಿಂದವರನ್ನು ಹೇಳಿದಂತೆ ಕುಣಿಸುವ ಮದ್ದಿನ ಕತೆಗಳನ್ನು ಸಿದ್ದಲಿಂಗಮ್ಮ ಚಿಕ್ಕಂದಿನಿಂದ ಕೇಳಿದ್ದಳು.

ಆಮೇಲೆ ಅವಳು ಸೊಸೆ ಮಾಡಿದ್ದನ್ನು ಮುಟ್ಟಲಿಲ್ಲ. ಒಮ್ಮೆ ಉಪವಾಸ ಎಂದಳು, ಇನ್ನೊಮ್ಮೆ ಹೊಟ್ಟೆ ಸರಿಯಿಲ್ಲ ಎಂದಳು. ಬಾಳೆಹಣ್ಣು ತಿಂದು, ತಾನೇ ಕಾಯಿಸಿದ ಹಾಲು ಕುಡಿದು ಮಲಗುತ್ತಿದ್ದಳು. "ಒಂದು ತುತ್ತಾದರೂ ಉಣ್ಣಿ ಅತ್ತೆ" ಎಂದು ಸೊಸೆ ಬಲವಂತ ಮಾಡಿದಷ್ಟೂ ಅನುಮಾನ ಬಲಿಯಿತು. ಇಷ್ಟೊಂದು ಬಲವಂತ ಯಾಕೆ? ಮಗನಿಗಂತೂ ಹೇಳುವ ಹಾಗಿರಲಿಲ್ಲ. ಅವನು ಆಕಳಿಸಿದರೂ ಮದ್ದು ಏರಿತೆಂದು ಎದೆ ಡವಡವ ಎನ್ನುತ್ತಿತ್ತು.

ಒಂದು ಬೆಳಿಗ್ಗೆ ಬಸವರಾಜು ಕೆಲಸಕ್ಕೆ ಹೊರಡುವ ಮುಂಚೆ ಉಪ್ಪಿಟ್ಟಿನ ತಟ್ಟೆ ಮುಂದೆ ಕೂತಿದ್ದ. ಉಪ್ಪಿಟ್ಟಿನ ನಡುವೆ ಬಿಳಿಯ ಉಂಡೆಯೊಂದು ಕಂಡಿತು.

"ತಿನ್ಬೇಡ ಕಣೋ!" ಸಿದ್ದಲಿಂಗಮ್ಮ ತಟ್ಟೆಯನ್ನು ಕಿತ್ತುಕೊಂಡಳು. "ನನ್ನ ಮಗನಿಗೆ ಏನು ಹಾಕಿದ್ದೀಯೇ? ಆ ಡಬ್ಬದ ಹಿಂದೆ ಇಟ್ಟಿರೋದು ಏನು? ಹೇಳು!"

ಶಾಂತಾದೇವಿ ಒಳಗೆ ಹೋಗಿ, ಕಾಗದದ ಮೇಲೆ ಒಂದು ಉಂಡೆ ಇಟ್ಟು ತಂದಳು.

"ಇದಾ ಅತ್ತೆ? ಬಿಳಿಗಾರ, ಬೆಲ್ಲ, ಹಿಟ್ಟು. ಜಿರಲೆಗೆ ಇಟ್ಟಿದ್ದು. ತಟ್ಟೇಲಿರೋದು ರವೆ ಗಂಟು, ಸರಿಯಾಗಿ ಕೈಯಾಡಿಸಲಿಲ್ಲ ನಾನು."

"ಜಿರಲೆಗಾದ್ರೆ ಕದ್ದುಮುಚ್ಚಿ ಯಾಕೆ?"

"ಬಂದ ವಾರದಲ್ಲೇ ಕೇಳಿದ್ದೆ. ಲಿಂಗಪೂಜೆ ಮಾಡೋ ಮನೆಗೆ ವಿಷ ತರಬೇಡ ಅಂದ್ರಿ. ನೀವು ಹೆದರೋದನ್ನ ನೋಡೋಕಾಗದೆ ತಂದೆ. ಹೇಳದೆ ಮಾಡಿದ್ದು ತಪ್ಪೇ."

ತಾನು ಹಾಗೆ ಅಂದದ್ದು ನಿಜ. ಆದರೂ ಸಿದ್ದಲಿಂಗಮ್ಮ ಬಿಡಲಿಲ್ಲ. "ಹಾಗಾದ್ರೆ ಆವತ್ತು ತೋಳಿನ ಮೇಲೆ ಕೂತಾಗ ಯಾಕೆ ಕಿರುಚಲಿಲ್ಲ ನೀನು?"

ಶಾಂತಾದೇವಿ ಉಂಡೆಯಿದ್ದ ಕಾಗದವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು. "ನಮ್ಮಪ್ಪ ಖಾನಾವಳಿ ನಡೆಸ್ತಿದ್ದಾಗ ಅವ್ವ ದೊಡ್ಡ ತಪ್ಪಲೇಲಿ ಗಂಜಿ ಬಸೀತಿದ್ದಳು. ಕಾಲ ಮೇಲೆ ಜಿರಲೆ ಹತ್ತಿತು. ಕಿರುಚಿ ಹಾರಿದಳು. ಕುದಿಯೋ ಗಂಜಿ ಎಲ್ಲ ಬಲಗೈ ಮೇಲೆ ಹೋಯ್ತು. ಬೆರಳು ಇವತ್ತಿಗೂ ಮಡಿಸೋಕಾಗಲ್ಲ. ಜಿರಲೆ ಅಂದ್ರೆ ನನಗೆ ನಿಮಗಿಂತ ಹೆಚ್ಚು ಭಯ ಅತ್ತೆ. ಆದ್ರೆ ಒಲೆ ಮುಂದೆ ಕಿರುಚಲ್ಲ."

ಸಿದ್ದಲಿಂಗಮ್ಮನಿಗೆ ಮದುವೆಮನೆ ಕಣ್ಣ ಮುಂದೆ ಬಂತು. ಬೀಗಿತ್ತಿ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದಿರಲಿಲ್ಲ, ಪಂಕ್ತಿಯಲ್ಲಿ ಊಟಕ್ಕೂ ಕೂತಿರಲಿಲ್ಲ. ಅದನ್ನು ಜಂಬ ಎಂದು ತಾನೇ ನಾಲ್ಕು ಮನೆಗೆ ಹೇಳಿದ್ದಳು.

"ಅವ್ವ, ವರ್ಕ್‌ಶಾಪಿಗೆ ಹೊತ್ತಾಯ್ತು. ತಿನ್ಲೋ ಬೇಡ್ವೋ?" ಬಸವರಾಜು ಕೇಳಿದ.

ಸಿದ್ದಲಿಂಗಮ್ಮ ಆ ಬಿಳಿ ಗಂಟನ್ನು ಒಡೆದು ನೋಡಿದಳು. ರವೆಯೇ. ಬಾಯಿಗೆ ಹಾಕಿಕೊಂಡಳು. ಆಮೇಲೆ ಇನ್ನೊಂದು ತುತ್ತು. ಹಸಿವು ಎಷ್ಟಿತ್ತೆಂದು ಆಗ ಗೊತ್ತಾಯಿತು. ಮಗನ ತಟ್ಟೆಯನ್ನು ತಾನೇ ಖಾಲಿ ಮಾಡಿದಳು. ಅವನಿಗೆ ಶಾಂತಾದೇವಿ ಬೇರೆ ತಟ್ಟೆಯಲ್ಲಿ ಹಾಕಿಕೊಟ್ಟಳು.

ಮುಂದಿನ ವಾರ ಅತ್ತೆ ಸೊಸೆ ಸೇರಿ ಸೌದೆಯನ್ನು ಹಿತ್ತಲಿಗೆ ಸಾಗಿಸಿದರು, ತೂಬಿಗೆ ಜಾಲರಿ ಕೂರಿಸಿದರು, ಗೋಡೆಯ ಬಿರುಕಿಗೆ ಗಾರೆ ಮೆತ್ತಿದರು. ಜಿರಲೆಗಳು ಪೂರ್ತಿ ಹೋಗಲಿಲ್ಲ, ಕಡಿಮೆಯಾದವು. ಅನುಮಾನವೂ ಹಾಗೆಯೇ. ಬಡಿಸಿದ ಅನ್ನವನ್ನು ಸಿದ್ದಲಿಂಗಮ್ಮ ಒಮ್ಮೊಮ್ಮೆ ಕೆದಕಿ ನೋಡುತ್ತಿದ್ದಳು. ನೋಡಿ, ತನಗೇ ನಾಚಿಕೆಯಾಗಿ, ಉಣ್ಣುತ್ತಿದ್ದಳು.

ಗಾರೆ ಮೆತ್ತಿದ ದಿನ ಕೈ ತೊಳೆಯುವಾಗ ಅವಳು ಸೊಸೆಯ ಮುಖ ನೋಡದೆ ಅಂದಳು: "ನಿಮ್ಮವ್ವನ್ನ ಒಂದ್ಸಲ ಬರಹೇಳು. ನಾನೇ ಬಡಿಸ್ತೀನಿ. ಎಡಗೈಲಿ ಉಂಡರೂ ಈ ಮನೇಲಿ ಯಾರೂ ಏನೂ ಅನ್ನಲ್ಲ."