ಸುಣ್ಣದ ಗೆರೆಯ ಮೇಲೆ ನಿಂತವರು

ಸೆಲ್ವಿ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳ ಹುಡುಗಿ. ತಾಯಿ ತೀರಿಹೋದ ಮೇಲೆ ನನ್ನ ಮನೆಯ ಮುದ್ದೆ ಉಂಡು ಬೆಳೆದವಳು. ಈಗ ಬೆಂಗಳೂರಿನ ಕಡೆ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಬೇರೆಯವರಿಗೆ ವಿಮಾನ ಓಡಿಸುವುದನ್ನು ಕಲಿಸುತ್ತಾಳೆ. ಅವಳು ಹಾರುವುದನ್ನು ಅವಳಪ್ಪ ಏಳುಮಲೈ ಒಮ್ಮೆಯೂ ನೋಡಿರಲಿಲ್ಲ. ಗಣಿಯ ದೂಳು ಕುಡಿದ ಎದೆ ಅವನದು. ಬಂಗಾರಪೇಟೆಯವರೆಗೆ ಹೋಗಿ ಬರುವುದೂ ಆಗದು. ಅದಕ್ಕೇ ಅವಳು ನಮ್ಮ ಹಳೆಯ ಏರ್‌ಸ್ಟ್ರಿಪ್ಪಿಗೇ ಬಂದಿಳಿಯಲು ಅನುಮತಿ ಪಡೆದಳು.

ಆ ಸ್ಟ್ರಿಪ್ಪಿನ ಅರ್ಧವನ್ನು ಮಳೆನೀರು ಕೊರೆದು ಕೊರಕಲು ಮಾಡಿದೆ. ಉಳಿದದ್ದು ಗಿಡ್ಡ. ಹಿಂದಿನ ದಿನ ಸೆಲ್ವಿ ಫೋನಿನಲ್ಲಿ ಹೇಳಿದ್ದಳು: “ಎರಡು ಸಲ ನೋಡ್ತೀನಿ ಅತ್ತೆ. ಆಗ್ಲಿಲ್ಲಾಂದ್ರೆ ಇಳೀದೇ ವಾಪಸ್ ಓಯ್ತೀನಿ. ಅಪ್ಪಂಗೆ ಮೊದ್ಲೇ ತಿಳಿಸ್ಬಿಡು.” ತಿಳಿಸಲು ನನಗೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಸೆಲ್ವಿಯ ಫ್ಲೈಯಿಂಗ್ ಸ್ಕೂಲಿನ ನೌಕರ ಅಂಬರೀಶ್ ಬಂದ. ಸ್ಟ್ರಿಪ್ಪಿನ ಈ ತುದಿಯಲ್ಲಿ ಸುಣ್ಣದಿಂದ ಅಡ್ಡಗೆರೆ ಎಳೆದು, ದನ ನುಗ್ಗದಂತೆ ಕಾಯಲು ಕೊರಕಲಿನ ಕಡೆ ಹೋದ. ಗೆರೆ ಕಂಡ ನಮಗೆ ಬೇರೇನು ಹೊಳೆಯುತ್ತದೆ? ಮನೆಗೆ ಬಂದವರು ಹೊಸ್ತಿಲಲ್ಲಿ ನಿಲ್ಲುವ ಹಾಗೆ ವಿಮಾನ ಅಲ್ಲಿ ನಿಲ್ಲುತ್ತದೆ ಎಂದುಕೊಂಡೆವು. ಪಕ್ಕದ ಮನೆಯ ಅನಸೂಯಮ್ಮ ಗೆರೆಗೆ ಸೇರಿಸಿ ರಂಗೋಲಿ ಬಿಟ್ಟಳು. ಏಳುಮಲೈಯನ್ನು ಅವನ ಆಕ್ಸಿಜನ್ ಸಿಲಿಂಡರ್ ಸಮೇತ ಆಟೋದಲ್ಲಿ ತಂದು ಬದಿಗೆ ನಿಲ್ಲಿಸಿದೆವು. ನಾನು ಆರತಿ ತಟ್ಟೆ ಹಿಡಿದು ಗೆರೆಯ ನಡುವೆ ನಿಂತೆ. ಲೈನಿನವರೆಲ್ಲ ನನ್ನ ಹಿಂದೆ.

ಕಾಮಸಮುದ್ರದ ಕಡೆಯಿಂದ ವಿಮಾನ ಬಂತು, ನೀಲಗಿರಿ ಮರಗಳನ್ನು ದಾಟಿ ತಗ್ಗಿತು. ನಾವು ಕೈ ಬೀಸಿದೆವು. ಅತ್ತ ಅಂಬರೀಶನೂ ಎರಡು ಕೈ ಎತ್ತಿ ಕೂಗುತ್ತ ಓಡಿ ಬರುತ್ತಿದ್ದ.

“ಅವನ್ ಕುಸಿ ನೋಡು ಮುನಿಶಾಮಕ್ಕ!” ಎಂದು ಅನಸೂಯಮ್ಮ ನಕ್ಕಳು.

ಅಷ್ಟರಲ್ಲಿ ಎಂಜಿನ್ ಅಬ್ಬರಿಸಿತು. ವಿಮಾನ ಮೂತಿ ಎತ್ತಿ ನಮ್ಮ ತಲೆಯ ಮೇಲೆಯೇ ಹೊರಟುಹೋಯಿತು. ಕರ್ಪೂರ ಆರಿತು.

“ಪೋಯಿಟ್ಟಾಳಾ?” ಹೊರಟೇಹೋದಳೇ ಎಂದು ಏಳುಮಲೈ ಕೇಳಿದ. ಆಟೋದಿಂದ ಕತ್ತು ಹೊರಚಾಚಿ ಆಕಾಶ ಹುಡುಕಿದ.

“ದೊಡ್ಡೋಳಾದ್ಲು ಕಣಪ್ಪ, ನಮ್ಮ ಆರತಿ ಅವಳ ಕಣ್ಗೆ ಕಾಣ್ತದಾ?” ಎಂದಳು ಅನಸೂಯಮ್ಮ.

ಅಂಬರೀಶ್ ಏದುಸಿರು ಬಿಡುತ್ತ ಬಂದ. “ಅಜ್ಜೀ, ಗೆರೆ ಬಿಟ್ಟು ಈ ಕಡೆ ಬನ್ನಿ! ಅದು ನಿಲ್ಲೋ ಜಾಗ ಅಲ್ಲ, ಚಕ್ರ ಊರೋ ಜಾಗ! ಅಲ್ಲೇ ಊರಿದ್ರೆ ಕೊರಕ್ಲಿಗೆ ಮುಂಚೆ ನಿಲ್ತದೆ. ನಿಮ್ಮನ್ನ ದಾಟಿ ಊರಿದ್ರೆ ಕೊರಕ್ಲಿಗೇ ಓಗ್ತದೆ.”

“ಮೊದ್ಲೇ ಬಾಯ್ಬಿಡಬಾರ್ದೇನ್ಲಾ?” ಎಂದು ಗದರಿದೆ.

“ನೀವು ತಟ್ಟೆ ಇಡ್ಕೊಂಡು ಇಲ್ಲೇ ನಿಲ್ತೀರಂತ ನಂಗೇನ್ ಕನಸು ಬಿದ್ದಿತ್ತಾ?”

ಚಿನ್ನ ತೆಗೆದುಳಿದ ಗಣಿಮಣ್ಣಿನ ಸೈನೈಡ್ ದಿಬ್ಬದ ಮೇಲೆ ವಿಮಾನ ತಿರುಗುತ್ತಿತ್ತು. ಉಳಿದದ್ದು ಒಂದೇ ಸಲ. ತಟ್ಟೆಯನ್ನು ಆಟೋದೊಳಗಿಟ್ಟು, ಸಿಕ್ಕಸಿಕ್ಕವರ ರಟ್ಟೆ ಹಿಡಿದು ಬದಿಗೆಳೆದೆ. ಮಂಡಿನೋವು ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತೋ.

ವಿಮಾನ ಮತ್ತೆ ಬಂತು, ತೀರಾ ನಿಧಾನವಾಗಿ. ರೆಕ್ಕೆಯ ಹಿಂದಿನ ಹಲಗೆಗಳು ಪೂರ್ತಿ ಇಳಿಬಿದ್ದಿದ್ದವು. ಮರ ದಾಟಿದ್ದೇ ಕಡಿದಾಗಿ ಇಳಿದು, ನೆಲದ ಮೇಲೆ ತೇಲಾಡದೆ, ಧಡ್ಡೆಂದು ರಂಗೋಲಿಯ ಮೇಲೇ ಚಕ್ರ ಊರಿತು. ಹಲಗೆಗಳು ಮೇಲೆ ಮಡಚಿಕೊಂಡವು, ಬ್ರೇಕು ಕಿರುಗುಟ್ಟಿತು. ಕೊರಕಲು ಇನ್ನೂ ಮುಂದಿರುವಾಗಲೇ ವಿಮಾನ ನಿಂತಿತು.

“ವಂದುಟ್ಟಾ! ಬಂದ್ಬುಟ್ಲು!” ಎಂದು ಏಳುಮಲೈ ಎರಡು ಭಾಷೆಯಲ್ಲೂ ಕೂಗಿ ಕೆಮ್ಮಿದ.

ಸೆಲ್ವಿ ಓಡಿ ಬಂದು ನನ್ನ ಕಾಲಿಗೆ ಬಾಗಿದಳು. “ಜಾಗ ಬಿಟ್ರಲ್ಲ ಅತ್ತೆ, ನಿಮ್ಗೆಲ್ಲ ದೊಡ್ಡ ನಮಸ್ಕಾರ.”

“ನಮ್ಗ್ಯಾಕಮ್ಮ? ಅಪ್ಪ ಕಾಯ್ತಾವ್ನೆ ಅಂತ ಗೊತ್ತಿದ್ದೂ ಮೇಲಕ್ಕೆ ಓದ್ಯಲ್ಲ, ಆ ನಿನ್ನ ಬುದ್ಧಿಗೆ ನಾವು ಕೈ ಮುಗೀಬೇಕು,” ಎಂದು ಅವಳ ಕೆನ್ನೆ ಸವರಿ ದೃಷ್ಟಿ ತೆಗೆದೆ. ಅನಸೂಯಮ್ಮ ಕಣ್ಣೊರೆಸಿಕೊಂಡಳು.

ಆಟೋ ವಿಮಾನದ ಹತ್ತಿರ ಹೋಯಿತು. ಏಳುಮಲೈ ಇಳಿದು ಚಕ್ರ ಮುಟ್ಟಿ ಕೈ ಹಿಂದೆಗೆದ.

“ಸುಡ್ತದಮ್ಮಾ!”

“ಬ್ರೇಕ್ ಜೋರಾಗಿ ಒತ್ತಿದ್ನಲ್ಲಪ್ಪ. ಇದು ಆರೋವರ್ಗೂ ನಾನೂ ಓಗಂಗಿಲ್ಲ.”

ಅವನು ರೆಕ್ಕೆಯ ನೆರಳಲ್ಲಿ ನೆಲದ ಮೇಲೆಯೇ ಕೂತ. ಅವಳು ಅವನಿಗೆ ಒರಗಿ ಕೂತಳು. ಆ ಬಿಸಿ ಚಕ್ರಕ್ಕೂ ನಾನು ಕೈ ಮುಗಿದೆ.