ಮೇಜಿನ ಗೀರು

"ಅತ್ತೆ, ಕೈ ಸ್ವಲ್ಪ ತೆಗೀರಿ," ಎಂದಳು ದಿವ್ಯಾ.

ತಿಮ್ಮಮ್ಮ ಕೈ ತೆಗೆಯಲಿಲ್ಲ. ಬೀಟೆ ಮರದ ಊಟದ ಮೇಜಿನ ಮೇಲೆ ಒಂದು ಗೇಣುದ್ದದ ಗೀರು ಇತ್ತು. ಅವರ ತೋರುಬೆರಳು ಅದರ ಮೇಲೇ ಕೂತಿತ್ತು. ಸೊಸೆಯ ಕೈಯಲ್ಲಿದ್ದ ಬಟ್ಟಲಿನಲ್ಲಿ ಕರಗಿಸಿದ ಜೇನುಮೇಣಕ್ಕೆ ಕಾಫಿಪುಡಿ ಕಲಸಿದ ಮುದ್ದೆ ಇರುವುದು ವಾಸನೆಯಿಂದಲೇ ಅವರಿಗೆ ತಿಳಿದಿತ್ತು. ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ. ಭಾನುವಾರ ದಿವ್ಯಾಳ ಅಪ್ಪ ಅಮ್ಮ ಚಿಕ್ಕಮಗಳೂರಿನಿಂದ ಜಾವಳಿಯ ಈ ಮನೆಗೆ ಬರುವವರಿದ್ದರು. ಅಷ್ಟರೊಳಗೆ ಮೇಜನ್ನು ಹೊಸದು ಮಾಡಿಯೇ ಸಿದ್ಧ ಎಂದು ಅವಳು ಹಟ ಹಿಡಿದಿದ್ದಳು. ಮದುವೆಯಾಗಿ ಎರಡು ವರ್ಷವಾದರೂ ಈ ಮನೆಯಲ್ಲಿ ಅವಳು ತಾನಾಗಿ ಕೈಹಾಕಿದ ಮೊದಲ ಕೆಲಸ ಇದು.

"ಇರ್ಲಿ ಬಿಡು ಮಾರಾಯ್ತಿ. ಹಳೇ ಮೇಜು," ಎಂದರು ತಿಮ್ಮಮ್ಮ.

ಉಳಿದ ಗೀರುಗಳೆಲ್ಲ ಮುಗಿದವು, ಇದೊಂದೇ ಬಾಕಿ, ಎಲ್ಲಕ್ಕಿಂತ ದೊಡ್ಡದೂ ಇದೇ ಎಂದಳು ಅವಳು. ತಿಮ್ಮಮ್ಮನಿಗೆ ಬೇಕಾಗಿದ್ದುದೂ ಅದೊಂದೇ. ಹಾಗೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅವರ ಕಣ್ಣು ಮಂಜಾಗುತ್ತ ಬಂದು ಎರಡು ವರ್ಷವಾಗಿತ್ತು. ಹೋದ ವರ್ಷ ತಂಗಿಯ ಮನೆಗೆ ಹೋದಾಗ ಯಾರಿಗೂ ಹೇಳದೆ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಒತ್ತಡಕ್ಕೆ ಕಣ್ಣಿನ ನರ ಸೊರಗಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಔಷಧಿ ಬಿಟ್ಟುಕೊಳ್ಳಿ ಎಂದಿದ್ದರು ಡಾಕ್ಟರು. ಆ ಸಣ್ಣ ಬಾಟಲಿ ಸೀರೆಗಳ ಅಡಿಯಲ್ಲಿತ್ತು. ಮಗ ಮೋಹಿತನಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮನೆಯ ಕಾಫಿ ಅವರ ಕೈತಪ್ಪಿ ಹೋಗುತ್ತಿತ್ತು.

ಮನೆ ಖರ್ಚಿನ ಕಾಫಿ ಮೂವತ್ತೆಂಟು ವರ್ಷದಿಂದ ತಿಮ್ಮಮ್ಮನದು. ಕುಯ್ಲು ಮುಗಿದ ಮೇಲೆ ಮನೆಗೆಂದು ಎತ್ತಿಟ್ಟ ಬೀಜವನ್ನು ಮೇಜಿನ ಮೇಲೆ ಸುರಿದುಕೊಂಡು, ಒಳ್ಳೆಯದನ್ನು ಗೀರಿನ ಎಡಕ್ಕೆ, ಕಪ್ಪಾಗಿ ಕೆಟ್ಟ ಬೀಜವನ್ನು ಬಲಕ್ಕೆ ತಳ್ಳುವುದು ಅವರ ರೂಢಿ. ಹುರಿಯುವವರೂ ಅವರೇ, ಬೀಸುವವರೂ ಅವರೇ. ಕಣ್ಣು ಚೆನ್ನಾಗಿದ್ದಾಗ ಆ ಗೀರು ಬರೀ ಒಂದು ಗುರುತಾಗಿತ್ತು. ಈಗ ಎಡಗೈ ಬೆರಳನ್ನು ಅದರ ಮೇಲಿಟ್ಟುಕೊಂಡರೆ ಮಾತ್ರ ಕೆಲಸ ಸಾಗುತ್ತಿತ್ತು. ಕೆಟ್ಟ ಬೀಜ ಹಗುರ, ಮೈಯೆಲ್ಲ ಸುಕ್ಕು, ಉಗುರಿನಿಂದ ಒತ್ತಿದರೆ ಪೊಳ್ಳು. ಅದಕ್ಕೆ ಕಣ್ಣು ಬೇಕಿರಲಿಲ್ಲ. ಆದರೆ ಆರಿಸಿದ್ದು ಯಾವ ಕಡೆಗೆ ಹೋಯಿತು ಎಂದು ಹೇಳಲು ಆ ಗೀರು ಬೇಕಿತ್ತು.

ಅವರ ಅತ್ತೆ ಜವರಮ್ಮನಿಗೂ ವಯಸ್ಸಾದ ಮೇಲೆ ಕಣ್ಣು ಕಾಣದಂತಾಗಿತ್ತು. ಆಗ ಅವರ ಕೈಯಿಂದ ಮೊರ ತೆಗೆದುಕೊಂಡವರು ಬೇರೆ ಯಾರೂ ಅಲ್ಲ, ಇದೇ ತಿಮ್ಮಮ್ಮ. "ನೀವು ಸುಮ್ನೆ ಕೂತ್ಕಳಿ ಅತ್ತೆ," ಎಂದಿದ್ದರು. ಪ್ರೀತಿಯಿಂದಲೇ ಹೇಳಿದ ಮಾತು. ಜವರಮ್ಮ ಜಗಲಿಯ ಬೆಂಚಿನ ಮೇಲೆ ಕೂತರು. ಹನ್ನೊಂದು ವರ್ಷ ಅಲ್ಲೇ ಕೂತು, ಹೋಗುವ ಬರುವ ಕಾಲಸಪ್ಪಳಕ್ಕೆಲ್ಲ "ಏನಾರ ಕೆಲ್ಸ ಇದ್ರೆ ಕೊಡ್ರೇ" ಎಂದು ಕೇಳುತ್ತಿದ್ದರು. ತಿಮ್ಮಮ್ಮನಿಗೆ ಸಾವಿಗಿಂತ ಆ ಬೆಂಚಿನ ಭಯ ಹೆಚ್ಚು.

"ನಾನು ಮುಟ್ಟಬಾರ್ದು ಅಂದ್ರೆ ಹೇಳಿಬಿಡಿ ಅತ್ತೆ. ಬಿಟ್ಬಿಡ್ತೀನಿ."

ಸೊಸೆಯ ದನಿ ಸಣ್ಣಗಾಗಿತ್ತು. ಇದೇ ಮನೆಗೆ ಹೊಸದಾಗಿ ಬಂದಾಗ ಏನು ಮುಟ್ಟಲೂ ಹೆದರುತ್ತಿದ್ದ ತಮ್ಮದೇ ನೆನಪಾಗಿ ತಿಮ್ಮಮ್ಮ ಬೆರಳು ಎತ್ತಿದರು.

ದಿವ್ಯಾ ಮುದ್ದೆಯನ್ನು ಗೀರಿಗೆ ಒತ್ತಿ ತುಂಬಿದಳು. ಅದು ಗಟ್ಟಿಯಾಗುವವರೆಗೆ ಕಾದು, ಹತ್ತಿ ಬಟ್ಟೆಯಿಂದ ಉಜ್ಜಿದಳು. ತೋಟದಿಂದ ಬಂದ ಮೋಹಿತ ಗೀರು ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲವಲ್ಲ ಎಂದು ಹೊಗಳಿದ. ಅವನು ಹೋದ ಮೇಲೆ ತಿಮ್ಮಮ್ಮ ಮೇಜಿನ ಮೇಲೆ ಅಂಗೈ ಆಡಿಸಿದರು. ಈ ತುದಿಯಿಂದ ಆ ತುದಿಯವರೆಗೂ ಒಂದೇ ಸಮ ಇತ್ತು.

ಶನಿವಾರ ಬೀಗರಿಗೆಂದು ಬೀಜ ಆರಿಸಲು ಕೂತರು. ಗುರುತಿಗೆ ಒಂದು ದಾರ ಹಾಸಿಕೊಂಡರೆ ಬೀಜದ ಜೊತೆ ದಾರವೂ ಸರಿದುಹೋಯಿತು. ಎರಡು ತಟ್ಟೆ ಇಟ್ಟುಕೊಂಡರೆ ಅಂಚಿಗೆ ತಗುಲಿ ಅರ್ಧ ಬೀಜ ನೆಲಕ್ಕೆ. ಕೊನೆಗೆ ಅಂದಾಜಿನ ಮೇಲೆ ಆರಿಸಿ ಹುರಿದರು. ಹುರಿಯುವಾಗ ಮೂಗು ಏನೋ ಹೇಳಿತು. ಇಲ್ಲ, ಸರಿಯಾಗೇ ಇದೆ ಎಂದು ತಮಗೆ ತಾವೇ ಹೇಳಿಕೊಂಡರು.

ದಿವ್ಯಾಳ ಅಪ್ಪ ಚಂದ್ರಶೇಖರಪ್ಪ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತು ವರ್ಷ ಕಾಫಿ ಬೀಜದ ನಡುವೆಯೇ ಕಳೆದು ನಿವೃತ್ತರಾದವರು. ಬಂದವರು ಮೊದಲು ಮೇಜನ್ನು ಹೊಗಳಿದರು. ಮಗಳ ಕೈಚಳಕ ಎಂದು ತಿಳಿದು ಇನ್ನಷ್ಟು ಹೊಗಳಿದರು. ಆಮೇಲೆ ಕಾಫಿ ಬಂತು. ಒಂದು ಗುಟುಕು ಕುಡಿದು ಅವರ ಮಾತು ನಿಂತಿತು. ಆದರೂ ಲೋಟ ಖಾಲಿ ಮಾಡಿ ಕೆಳಗಿಟ್ಟು, ಈ ವರ್ಷ ಕುಯ್ಲಿನ ಹೊತ್ತಿಗೇ ಮಳೆ ಹಿಡಿಯಿತಲ್ಲ, ಎಲ್ಲರ ಮನೆ ಬೀಜವೂ ಹೀಗೇ ಎಂದರು. ಹೌದು ಹೌದು ಎಂದ ಮೋಹಿತ. ದಿವ್ಯಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಿಮ್ಮಮ್ಮನಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಬೀಗರು ಮಳೆಯ ಮೇಲೆ ಹಾಕಿದ್ದು ದೊಡ್ಡತನ. ಅದೇ ಹೆಚ್ಚು ಚುಚ್ಚಿತು.

ಸೋಮವಾರ ಬೆಳಿಗ್ಗೆ ಮೋಹಿತ ಕಣದ ಕಡೆ ಹೋದ ಮೇಲೆ ಅವರು ಉಳಿದ ಬೀಜವನ್ನು ಮತ್ತೆ ಮೇಜಿನ ಮೇಲೆ ಸುರಿದುಕೊಂಡರು. ಎಡಗೈ ಬೆರಳು ಅಭ್ಯಾಸಬಲದಿಂದ ಗೀರನ್ನು ಹುಡುಕಿತು. ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಬಳೆಯ ಸದ್ದಾದಾಗಲೇ ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಾಳೆಂದು ತಿಳಿದದ್ದು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ದಿವ್ಯಾ ಹತ್ತಿರ ಬಂದಳು. ಒಳ್ಳೆಯ ಬೀಜದ ಗುಡ್ಡೆಯಿಂದ ಒಂದನ್ನು ತೆಗೆದಳು, ಇನ್ನೊಂದನ್ನು ತೆಗೆದಳು. ಕೆಟ್ಟದ್ದರ ಗುಡ್ಡೆಗೂ ಕೈಹಾಕಿದಳು. ತಿಮ್ಮಮ್ಮನ ಕೈ ನಿಂತುಹೋಗಿತ್ತು. ಇನ್ನೇನು ಆ ಮಾತು ಬರುತ್ತದೆ, ತಾವೇ ಒಂದು ಕಾಲದಲ್ಲಿ ಆಡಿದ ಮಾತು, ಎಂದು ತಲೆತಗ್ಗಿಸಿ ಕಾದರು.

ಮಾತು ಬರಲಿಲ್ಲ. ಹೆಜ್ಜೆಗಳು ಒಳಗೆ ಹೋದವು. ಮೋಹಿತನಿಗೆ ಫೋನ್ ಮಾಡಲು ಹೋದಳು ಎಂದುಕೊಂಡರು. ಡ್ರಾಯರ್ ಎಳೆದ ಸದ್ದಾಯಿತು. ಹೆಜ್ಜೆಗಳು ವಾಪಸ್ ಬಂದವು. ಬೀಜವನ್ನೆಲ್ಲ ಪಕ್ಕಕ್ಕೆ ಸರಿಸಿದಂತಾಯಿತು. ಆಮೇಲೆ ಮರದ ಮೇಲೆ ಕಬ್ಬಿಣ ಎಳೆದ ಕರಕರ ಸದ್ದು, ಒಂದು ಸಲ, ಇನ್ನೊಂದು ಸಲ, ಮೂರನೆಯ ಸಲ ಒತ್ತಿ. ಜೇನುಮೇಣದ ವಾಸನೆ ಎದ್ದು ಬಂತು.

"ಏನೇ ಅದು?"

"ಮೇಜಿಗೆ ಗೀರು ಬಿತ್ತು ಅತ್ತೆ," ಎಂದಳು ದಿವ್ಯಾ. ಅವಳಿಗೆ ಏದುಸಿರು ಬರುತ್ತಿತ್ತು. "ಇರ್ಲಿ ಬಿಡಿ. ಹಳೇ ಮೇಜು."

ತಿಮ್ಮಮ್ಮ ಬೆರಳು ಚಾಚಿದರು. ಗೀರು ಮೊದಲಿನ ಜಾಗದಲ್ಲೇ ಇತ್ತು, ಕೊನೆಯಲ್ಲಿ ಸ್ವಲ್ಪ ಡೊಂಕು. ಹೊಸದಾಗಿ ಎದ್ದ ಸಿಬಿರೊಂದು ಬೆರಳಿಗೆ ಚುಚ್ಚಿತು. ಎದುರಿನ ಕುರ್ಚಿ ಎಳೆದುಕೊಂಡು ದಿವ್ಯಾ ಕೂತ ಸದ್ದಾಯಿತು. ಅವರು ಒಂದು ಬೀಜ ತೆಗೆದುಕೊಂಡು, ಉಗುರಿನಿಂದ ಒತ್ತಿ ನೋಡಿ, ಗೀರಿನ ಬಲಕ್ಕೆ ತಳ್ಳಿದರು.