ಮೂರನೆಯ ಕೈ

ಬಸ್ಸಿನ ಕಿಟಕಿಯ ಸರಳಿನಿಂದ ಹಸಿರು ಬಣ್ಣದ ಚಕ್ಕೆಯೊಂದು ಎದ್ದು ಅಂಗೈಗೆ ಅಂಟಿಕೊಂಡಿತು, ನರ್ಸ್ ಗೆರ್ಟ್ರೂಡ್ ಅದನ್ನು ಉಗುರಿನಿಂದ ಕೆರೆಯಲು ಹೋದವಳು ಕೈ ತಡೆದಳು — ಕೆರೆಯಬಾರದು, ಎಳೆಯಬಾರದು, ಬೀಳುವುದು ತಾನಾಗಿ ಬೀಳಬೇಕು, ಎಷ್ಟು ಮುಖಗಳಿಗೆ ಹೇಳಿದ್ದಾಳೆ ಈ ಮಾತನ್ನು, ಈಗ ಬಸ್ಸಿನ ಸರಳಿಗೂ ಹೇಳುವ ಹಾಗಾಯಿತಲ್ಲ ಎಂದು ಒಳಗೇ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಇವತ್ತು ಸುಂದರಿಯ ಕೆನ್ನೆಗೆ ಮದ್ದು ಹಚ್ಚಿದ ಹತ್ತನೆಯ ದಿನ. ಹತ್ತು ಗಂಟೆಗೆ ಅವಳು ಚರ್ಮದ ಡಾಕ್ಟರ ಕ್ಲಿನಿಕ್ಕಿಗೆ ಬರುತ್ತಾಳೆ, ತಲೆಗೆ ಹೊದ್ದ ಸೆರಗು ಸರಿಸುತ್ತಾಳೆ, ಆಗ ಗೊತ್ತಾಗುತ್ತದೆ ಅವತ್ತು ಕೈ ನಿಲ್ಲಿಸಿದ್ದು ಸರಿಯೋ ತಪ್ಪೋ. ಬಸ್ಸು ಕೊಟ್ಟಾರ ಬಿಟ್ಟು ಲೇಡಿಹಿಲ್ಲಿನ ಏರು ಹತ್ತುತ್ತಿದೆ, ಪಕ್ಕದ ಹೆಂಗಸಿನ ಮೀನಿನ ಬುಟ್ಟಿಯ ನೀರು ಹರಿದು ಅವಳ ಬಿಳಿ ಚಪ್ಪಲಿಯ ತನಕ ಬಂದಿದೆ, ಕಂಡಕ್ಟರ್ ಹೇಳುತ್ತಿದ್ದಾನೆ ಮುಂದೆ ಹೋಗಿ ಮಾರಾಯ್ರೆ, ಎದುರು ಇಡೀ ಜಾಗ ಉಂಟು — ಜಾಗವೆಲ್ಲಿ, ಇವನ ಬಾಯಲ್ಲಿ ಮಾತ್ರ. ಸುಂದರಿಯೂ ಹೀಗೇ ತುಂಬಿದ ಬಸ್ಸಿನಲ್ಲಿ ಬರಬೇಕು, ಬಿಸಿಲು ತಾಗದ ಹಾಗೆ ನೆರಳಿನ ಬದಿಯಲ್ಲಿ ಕೂತುಕೋ ಎಂದಿದ್ದೇನೆ, ಕೂತಿದ್ದಾಳೋ ಇಲ್ಲವೋ, ಕೊಡೆ ಹಿಡಿದಿದ್ದಾಳೋ ಇಲ್ಲವೋ. ಗೇರುಬೀಜದ ಕಾರ್ಖಾನೆಯವಳು, ಹದಿನಾಲ್ಕು ವರ್ಷದಿಂದ ಬೀಜ ಒಡೆದವಳು, ಮೂರು ವರ್ಷದ ಹಿಂದೆ ಸಿಪ್ಪೆಯ ಎಣ್ಣೆ ಸಿಡಿದು ಬಲಗೆನ್ನೆ ಸುಟ್ಟಿತ್ತು, ಗಾಯ ಮಾಯ್ದಿತು, ಕಪ್ಪು ಉಳಿಯಿತು, ಅಂಗೈಯಗಲದ ಕಪ್ಪು. ಮೊದಲ ದಿನ ಬೆಂಚಿನ ತುದಿಯಲ್ಲಿ ಕೂತು, ಕ್ರಿಸ್ತರ ಹೆಂಗಸರನ್ನು ಊರಿನವರು ಕರೆಯುವ ಹಾಗೆ ಕರೆದು ಹೇಳಿದ್ದಳು, ಬಾಯಮ್ಮ, ಚಂದ ಆಗ್ಲಿಕ್ಕೆ ಬಂದದ್ದಲ್ಲ ನಾನು, ಯೂನಿಯನಿನಲ್ಲಿ ಮಾತಾಡ್ತೇನೆ, ಜನವರಿಯಲ್ಲಿ ನೆಹರೂ ಮೈದಾನದಲ್ಲಿ ದೊಡ್ಡ ಸಭೆ ಉಂಟು, ನಾನು ಬಾಯಿ ತೆರೆದ್ರೆ ಜನ ನನ್ನ ಮಾತು ಕೇಳುವುದಿಲ್ಲ, ಈ ಕಪ್ಪನ್ನೇ ನೋಡ್ತಾರೆ, ಪಾಪ ಅಂತಾರೆ, ನನಗೆ ಅವರ ಪಾಪ ಬೇಡ. ಎಷ್ಟು ಹೆಂಗಸರು ಆ ಬೆಂಚಿನಲ್ಲಿ ಕೂತು ಏನೇನೋ ಕೇಳಿದ್ದಾರೆ, ಮದುವೆಗೆ ಮುಂಚೆ ಬೆಳ್ಳಗಾಗಬೇಕು, ಗಂಡ ದುಬಾಯಿಯಿಂದ ಬರುವ ಮೊದಲು ಕೆನ್ನೆಯ ಕಂದು ಬಂಗು ಹೋಗಬೇಕು, ಮಾತು ಕೇಳಿಸಬೇಕು ಎಂದು ಬಂದವಳು ಇವಳೊಬ್ಬಳೇ.

ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದು ಆ ಕೆನ್ನೆ ನೋಡಿದ್ದೂ ಗೆರ್ಟ್ರೂಡಳೇ, ಡಾಕ್ಟರಿಗಿಂತ ಮೊದಲು. ಆ ದೀಪದಲ್ಲಿ ಕಲೆ ಇನ್ನೂ ಎದ್ದು ಕಂಡರೆ ಬಣ್ಣ ಮೇಲಿನ ಪದರದಲ್ಲೇ ಉಂಟು ಎಂದರ್ಥ, ತೆಗೆಯಬಹುದು. ಕಲೆ ಮಾಯವಾದರೆ ಅದು ಆಳಕ್ಕೆ ಇಳಿದಿದೆ, ಮುಟ್ಟಬಾರದು. ಸುಂದರಿಯದ್ದು ಮಸಿ ಒರೆಸಿದ ಹಾಗೆ ಎದ್ದು ನಿಂತಿತ್ತು, ಆಗಲೇ ಎದೆಯಲ್ಲಿ ಒಂದು ಖುಷಿ, ಇದು ನನ್ನ ಕೆಲಸ ಎಂಬ ಖುಷಿ. ಅಳೆದು ಸುಡುವ ಕೆಲಸ ಇದು ಸಿಸ್ಟರ್ — ಡಾಕ್ಟರ್ ಚಿತ್ತರಂಜನ್ ಹೇಳಿದ್ದು, ಎಪ್ಪತ್ತನಾಲ್ಕರಲ್ಲಿ, ಮದ್ರಾಸಿನಲ್ಲಿ ಓದಿ ಬಂದು ಕೊಡಿಯಾಲ್‌ಬೈಲಿನಲ್ಲಿ ಬೋರ್ಡು ಹಾಕಿದ ಹೊಸತರಲ್ಲಿ, ಮೇಜಿನ ಮೇಲೆ ಕಂದು ಬಾಟಲಿ, ಅದರೊಳಗೆ ಕಲ್ಲುಸಕ್ಕರೆಯ ಹಾಗೆ ಹೊಳೆಯುವ ಆಸಿಡ್ಡಿನ ಹರಳು. ನೀರಿನಲ್ಲಿ ಕರಗಿಸಿ ಹಚ್ಚಿದರೆ ಮೇಲಿನ ಚರ್ಮ ಬೆಂದು ಸಾಯುತ್ತದೆ, ಸತ್ತದ್ದು ವಾರದಲ್ಲಿ ಸಿಪ್ಪೆಯಾಗಿ ಏಳುತ್ತದೆ, ಕೆಳಗಿನದ್ದು ಹೊಸತಾಗಿ ಬೆಳೆದು ಬರುತ್ತದೆ, ಮೊಡವೆಯ ಕಲೆ ಹೋದೀತು, ಬಂಗು ತಿಳಿಯಾದೀತು, ಬಿಸಿಲಿನ ಕಪ್ಪು, ಸಣ್ಣ ಸುಕ್ಕು. ಸಿಡುಬಿನ ಗುಳಿ ಹೋಗುವುದಿಲ್ಲ, ಹುಟ್ಟು ಮಚ್ಚೆ ಹೋಗುವುದಿಲ್ಲ, ದೇವರು ಕೊಟ್ಟ ಬಣ್ಣ ಬದಲಾಗುವುದಿಲ್ಲ, ಆಸೆ ಹುಟ್ಟಿಸಬೇಡಿ. ಅವಳು ಕೇಳಿಸಿಕೊಂಡಳು, ಆಮೇಲೆ ಆಷಾಢದಲ್ಲಿ ಡಾಕ್ಟರಿಗೂ ಗೊತ್ತಿಲ್ಲದ್ದು ಅವಳಿಗೆ ಗೊತ್ತಾಯಿತು — ಊರಿನ ತೇವಕ್ಕೆ ಮುಚ್ಚಳ ತೆರೆದ ಎರಡು ನಿಮಿಷದಲ್ಲಿ ಹರಳು ಬೆವರುತ್ತದೆ, ಬೆವರಿದ ಹರಳನ್ನು ತೂಗಿದರೆ ನೀರನ್ನೂ ಸೇರಿಸಿ ತೂಗಿದ ಹಾಗೆ, ಲೆಕ್ಕ ತಪ್ಪುತ್ತದೆ, ಒಂದು ಬಾಟಲಿ ಸಪ್ಪೆ, ಇನ್ನೊಂದು ಬೆಂಕಿ. ಅಂದಿನಿಂದ ಬಿಸಿಲಿನ ದಿನ ನೋಡಿ ಅವಳೇ ತೂಗುವುದು, ಅವಳೇ ಕಲಸುವುದು, ಮೊದಲು ತನ್ನ ಮೊಣಕೈಯ ಒಳಬದಿಗೆ ಹಚ್ಚಿ ನೋಡುವುದು, ಅಲ್ಲಿ ಸಾಲಾಗಿ ಬೊಟ್ಟಿನಷ್ಟು ಬೊಟ್ಟಿನಷ್ಟು ತಿಳಿ ಗುರುತುಗಳು, ಬಹ್ರೈನಿನಲ್ಲಿರುವ ತಮ್ಮ ಎಡ್ವಿನ್ ರಜೆಗೆ ಬಂದಾಗ ನೋಡಿ ಕೇಳಿದ್ದ, ಎಂತ ಇದು ಸಿಗರೇಟಿನಿಂದ ಸುಟ್ಟ ಹಾಗೆ, ಅಲ್ಲಿಗೆ ಬಾ, ನರ್ಸುಗಳಿಗೆ ಒಳ್ಳೆ ಕೆಲಸ ಉಂಟು, ಇಲ್ಲಿ ಎಂತ ಉಂಟು ನಿನಗೆ. ಅಲ್ಲಿ ನನ್ನ ಕೈಗೆ ಆಸಿಡ್ ಹಚ್ಚುವ ಈ ಹತ್ತಿಯ ಕಡ್ಡಿ ಯಾರು ಕೊಡ್ತಾರೆ ಎಂದು ಅವಳು ಕೇಳಿದ್ದು ಅವನಿಗೆ ಅರ್ಥವಾಗಲಿಲ್ಲ.

ಲಾಲ್‌ಬಾಗ್, ಇಳಿಯುವವರು ಇಳಿಯಿರಿ. ನನ್ನ ಕೈಯಿಂದ ಕೆಟ್ಟ ಆ ಮುಖ ಇಲ್ಲೇ ಎಲ್ಲೋ ವಾಸ, ಈ ರಸ್ತೆಯ ಒಳಗೆ ದೊಡ್ಡ ಮನೆ, ಹೋಟೆಲಿನವರ ಮಗಳು ಶಶಿಪ್ರಭಾ, ಎಪ್ಪತ್ತಾರರಲ್ಲಿ, ಮೊಡವೆಯ ಕಲೆ, ನಿಶ್ಚಿತಾರ್ಥಕ್ಕೆ ಇಪ್ಪತ್ತು ದಿನ. ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಡಾಕ್ಟರೂ ಒಂದು ಕೈ ಎರಡು ಕೈ ಎಂದೇ ಹೇಳುತ್ತಿದ್ದರು, ಅವರು ಎರಡು ಕೈ ಹಚ್ಚಿ ಫೋನಿಗೆ ಹೋದರು, ಹುಡುಗಿಯ ತಾಯಿ ಹೇಳಿದರು, ಅಷ್ಟೇಯಾ ಸಿಸ್ಟರ್, ಎಂತದೂ ಆಗ್ಲಿಲ್ಲ ನೋಡಿ, ಇನ್ನೊಂದು ಹಾಕಿ, ನಾನು ಹೇಳ್ತಿದ್ದೇನಲ್ಲ. ಹಾಕಿದಳು. ದೊಡ್ಡವರ ಮಾತಿಗೆ ಹಾಕಿದಳು. ತೆಳುವಾಗಿದ್ದ ಬಿಳುಪು ಎರಡೂ ಕೆನ್ನೆಗಳಲ್ಲಿ ಒಮ್ಮೆಲೇ ಸುಣ್ಣದ ಹಾಗೆ ಗಟ್ಟಿಯಾಯಿತು, ಹುಡುಗಿ ಮಂಚದ ಅಂಚು ಹಿಡಿದು ನರಳಿದಳು, ಸಿಪ್ಪೆ ಎದ್ದ ಮೇಲೆ ಮೊದಲಿಗಿಂತ ಕಪ್ಪು, ಅದು ಹೋಗಲು ಹದಿನಾಲ್ಕು ತಿಂಗಳು, ನಿಶ್ಚಿತಾರ್ಥ ಮುಂದೆ ಹೋಯಿತು. ತಪ್ಪು ನನ್ನದು, ಸಿಸ್ಟರದ್ದಲ್ಲ, ಎಂದು ಡಾಕ್ಟರ್ ಆ ತಾಯಿಯ ಎದುರು ನಿಂತು ಹೇಳಿದರು, ಆ ಮಾತು ಅವಳ ಮೈಯಲ್ಲಿ ಆಸಿಡ್ಡಿಗಿಂತ ಆಳಕ್ಕೆ ಇಳಿಯಿತು. ಅಂದಿನಿಂದ ಅವಳು ನೋಡುವುದನ್ನು ಕಲಿತಳು. ನಮ್ಮ ಕಂದು ಮೈಯಲ್ಲಿ ಬಿಳುಪು ಹೇಗೆ ಏಳುತ್ತದೆ, ಮೊದಲು ಉಸಿರು ತಾಗಿದ ಕನ್ನಡಿಯ ಹಾಗೆ, ಆಮೇಲೆ ನೀರು ಬೆರೆಸಿದ ಹಾಲಿನ ಹಾಗೆ, ಅಲ್ಲಿಗೆ ನಿಲ್ಲಿಸಬೇಕು, ಪುಸ್ತಕದಲ್ಲಿ ಬಿಳಿಯರ ಚರ್ಮದ ಚಿತ್ರಗಳು ಉಂಟು, ಅವರಿಗೆ ಇನ್ನೂ ಎರಡು ಮೆಟ್ಟಿಲು ಇಳಿಯಬಹುದು, ನಮಗಿಲ್ಲ, ನಮ್ಮದು ಸಿಟ್ಟು ಬಂದರೆ ಕಪ್ಪಾಗುವ ಚರ್ಮ. ಐದು ವರ್ಷ, ಇನ್ನೂರಕ್ಕೂ ಮಿಕ್ಕಿ ಮುಖಗಳು, ಡಾಕ್ಟರೇ ಒಂದು ದಿನ ಕಡ್ಡಿಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು, ಅದೇ ಸರ್ಟಿಫಿಕೇಟು.

ಹಾಗಾಗಿಯೇ ಅವತ್ತು ಕೈ ನಿಂತಿತು, ಹತ್ತು ದಿನದ ಹಿಂದೆ, ಹೋಟೆಲೊಂದರ ಸಭಾಂಗಣದಲ್ಲಿ, ಹನ್ನೆರಡು ಮಂದಿ ಡಾಕ್ಟರುಗಳ ಎದುರು. ಬೊಂಬಾಯಿಯಿಂದ ದೊಡ್ಡ ಡಾಕ್ಟರೊಬ್ಬರು ಬಂದಿದ್ದರು, ಕಂದು ಚರ್ಮಕ್ಕೆ ಇದನ್ನು ಮಾಡಬಹುದೇ ಎಂದು ಮಾಡಿ ತೋರಿಸುವ ಕಾರ್ಯಕ್ರಮ, ಅಷ್ಟು ಜನರೆದುರು ಮುಖ ಕೊಡಲು ದೊಡ್ಡ ಮನೆಯವರು ಯಾರೂ ಒಪ್ಪಲಿಲ್ಲ, ಸುಂದರಿ ಒಪ್ಪಿದಳು, ನೋಡಲಿ ಬಾಯಮ್ಮ, ಗೇರೆಣ್ಣೆ ಎಂತ ಮಾಡ್ತದೆ ಅಂತ ಡಾಕ್ಟ್ರುಗಳೂ ನೋಡಲಿ. ನಾಲ್ಕು ವಾರ ಮೊದಲೇ ಮುಲಾಮು ಹಚ್ಚಿಸಿ ಚರ್ಮ ಹದಕ್ಕೆ ತಂದಾಗಿತ್ತು. ಸ್ಪಿರಿಟಿನಲ್ಲಿ ಜಿಡ್ಡು ಒರೆಸಿದಳು, ಕಣ್ಣಿನ ಮೂಲೆಗೆ, ತುಟಿಗೆ, ಮೂಗಿನ ಮಡಿಕೆಗೆ ವ್ಯಾಸಲೀನು, ಕಡ್ಡಿಯನ್ನು ಅದ್ದಿ ಬಾಟಲಿಯ ಅಂಚಿಗೆ ಒತ್ತಿ, ಹನಿ ಬೀಳಬಾರದು, ಮೊದಲು ಹಣೆ, ಆಮೇಲೆ ಎಡಗೆನ್ನೆ, ಕೊನೆಗೆ ಆ ಕಪ್ಪು. ಉರಿ ಮೂರು ನಿಮಿಷ ಏರುತ್ತದೆ ಸುಂದರಿ, ಆಮೇಲೆ ಇಳಿಯುತ್ತದೆ, ನನ್ನ ಜೊತೆ ಎಣಿಸು. ಎಣಿಸಿದಳು, ತುಳುವಿನಲ್ಲಿ, ಒಂಜಿ ರಡ್ಡ್ ಮೂಜಿ, ಕಣ್ಣಿನಲ್ಲಿ ನೀರು, ಸ್ವರದಲ್ಲಿ ನಡುಕವಿಲ್ಲ. ಎರಡನೆಯ ಕೈ. ಕಂದು ಕೆನ್ನೆಯ ಮೇಲೆ ನೀರುಹಾಲಿನ ತೆಳು ಬಿಳುಪು, ಅದರಡಿಯಿಂದ ನಸುಗೆಂಪು — ಇಲ್ಲೇ, ಇಷ್ಟೇ. ಬೊಂಬಾಯಿಯವರು ಮುಂದೆ ಬಗ್ಗಿ ಇಂಗ್ಲಿಷಿನಲ್ಲಿ ಹೇಳಿದರು, ಇದೇನು, ಫ್ರಾಸ್ಟ್, ಆ ಗಟ್ಟಿ ಬಿಳುಪು, ಬಂದೇ ಇಲ್ಲ, ಇನ್ನೊಂದು ಕೋಟ್. ಡಾಕ್ಟರ್ ಚಿತ್ತರಂಜನ್ ಮುಖ ನೋಡದೆ ಮೆಲ್ಲಗೆ ಹೇಳಿದರು, ಇನ್ನೊಂದು ಕೈ ಹಾಕಿ ಸಿಸ್ಟರ್. ಹನ್ನೆರಡು ಕುರ್ಚಿಗಳು, ಮೇಲೆ ಫ್ಯಾನಿನ ಸದ್ದು, ಸುಂದರಿಯ ಬೆರಳು ಗೆರ್ಟ್ರೂಡಳ ಸೀರೆಯ ಅಂಚು ಹಿಡಿದಿತ್ತು. ಬೇಡ ಡಾಕ್ಟ್ರೇ, ಸಾಕು. ಅಷ್ಟೇ ಗೆರ್ಟ್ರೂಡ್ ಹೇಳಿದ್ದು, ಕಡ್ಡಿಯನ್ನು ಟ್ರೇಯಲ್ಲಿಟ್ಟದ್ದು, ತಣ್ಣೀರಿನ ಬಟ್ಟೆ ತೆಗೆದುಕೊಂಡದ್ದು. ಬೊಂಬಾಯಿಯವರು ನಕ್ಕರು, ನಿಮ್ಮ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಯಾರು ಮಿಸ್ಟರ್ ಚಿತ್ತರಂಜನ್, ಉಳಿದವರೂ ನಕ್ಕರು, ಡಾಕ್ಟರ ಕಿವಿ ಕೆಂಪಾಯಿತು. ಅವತ್ತಿನಿಂದ ಅವರು ಗುಡ್ ಮಾರ್ನಿಂಗಿಗೆ ಗುಡ್ ಮಾರ್ನಿಂಗ್, ಅಷ್ಟೇ. ಬಯ್ದಿದ್ದರೆ ಆಗುತ್ತಿತ್ತು. ಒಂದು ವೇಳೆ ಅವರೇ ಸರಿಯಾಗಿದ್ದರೆ, ಎರಡು ಕೈ ಸಾಲದೆ ಕಪ್ಪು ಹಾಗೆಯೇ ಉಳಿದಿದ್ದರೆ, ಆ ಹುಡುಗಿ ಹನ್ನೆರಡು ಜನರೆದುರು ಉರಿ ತಿಂದದ್ದು ಸುಮ್ಮನೆ ಆದ ಹಾಗೆ, ನಾನು ಹೆದರಿ ನಿಲ್ಲಿಸಿದ ಹಾಗೆ — ಹೆದರಿ ನಿಲ್ಲಿಸಿದೆನೇ, ಶಶಿಪ್ರಭಾಳ ಮುಖ ಕಣ್ಣೆದುರು ಬಂದದ್ದು ಹೌದು, ಕಣ್ಣು ಹೇಳಿತೋ ಹೆದರಿಕೆ ಹೇಳಿತೋ, ಇಲ್ಲ, ಕಣ್ಣು, ಕಣ್ಣೇ ಹೇಳಿದ್ದು.

ಕ್ಲಿನಿಕ್ಕಿನಲ್ಲಿ ಸಿರಿಂಜುಗಳು ಕುದಿಯುತ್ತಿವೆ, ಬೆಂಚಿನಲ್ಲಿ ಇಬ್ಬರು, ಗಡಿಯಾರದಲ್ಲಿ ಹತ್ತೂ ಹತ್ತು, ಹತ್ತೂ ಕಾಲು, ಬರುವುದಿಲ್ಲವೋ ಏನೋ, ಮುಖ ತೋರಿಸಲಾರದೆ — ಕೊಡೆ ಮಡಚುವ ಸದ್ದು. ಬಾಯಮ್ಮ, ಬಸ್ಸಿನಲ್ಲಿ ನೆರಳಿನ ಬದಿ ಸಿಗ್ಲಿಲ್ಲ, ಎರಡು ಬಸ್ಸು ಬಿಟ್ಟೆ, ಹಾಗೆ ತಡ ಆಯ್ತು. ಒಳಗೆ ಕರೆದುಕೊಂಡು ಹೋಗಿ ಕಿಟಕಿಯ ಹತ್ತಿರದ ಸ್ಟೂಲಿನಲ್ಲಿ ಕೂರಿಸಿದಳು, ಡಾಕ್ಟರು ಬಂದು ಹಿಂದೆ ನಿಂತದ್ದು ಗೊತ್ತಾಯಿತು, ತಿರುಗಿ ನೋಡಲಿಲ್ಲ, ಸೆರಗಿಗೆ ಸುಂದರಿಯೇ ಕೈ ಹಾಕಿದಳು. ಮೂರನೆಯ ದಿನ ಒಣಗಿ ಕಂದಿತು ಬಾಯಮ್ಮ, ಐದಕ್ಕೆ ಬಾಯಿಯ ಸುತ್ತ ಎದ್ದಿತು, ನೀವು ಹೇಳಿದ್ದಕ್ಕೆ ಮುಟ್ಲೇ ಇಲ್ಲ, ತುರಿಸುವಾಗ ಕೈಯ ಮೇಲೆ ಕೂತ್ಕೊಂಡೆ. ಸೆರಗು ಸರಿಯಿತು. ಕೆನ್ನೆ. ಗೆರ್ಟ್ರೂಡ್ ಮೊದಲು ಕಪ್ಪನ್ನು ಹುಡುಕಿದಳು, ಅದರ ಅಂಚು ಎಲ್ಲಿತ್ತೆಂದು ಅವಳಿಗೆ ಬಾಯಿಪಾಠ, ಕಣ್ಣಿನ ಕೆಳಗೆ ಇಷ್ಟು, ಕಿವಿಯ ಕಡೆಗೆ ಇಷ್ಟು, ಅಲ್ಲಿ ಹುಡುಕಿದಳು, ಇಲ್ಲಿ ಹುಡುಕಿದಳು, ಅಲ್ಲೆಲ್ಲ ನುಣ್ಣಗೆ ತೊಳೆದ ಹಾಗೆ ಹೊಸ ಚರ್ಮ, ಬೆಳ್ಳಗಿನದ್ದಲ್ಲ, ಎಡಗೆನ್ನೆಯ ಬಣ್ಣವೇ, ಸುಂದರಿಯ ಬಣ್ಣವೇ, ದವಡೆಯ ಹತ್ತಿರ ನೆರಳಿನಷ್ಟು ಮಾತ್ರ ಉಳಿದಿತ್ತು, ಇನ್ನೊಂದು ಸಲಕ್ಕೆ ಅದೂ ಹೋಗುತ್ತದೆ. ಡಾಕ್ಟರ್ ಭೂತಗನ್ನಡಿ ಹಿಡಿದು ಬಗ್ಗಿದರು, ತುಂಬ ಹೊತ್ತು ನೋಡಿದರು, ನೇರವಾಗಿ ಮೇಜಿಗೆ ಹೋಗಿ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಬೊಂಬಾಯಿಗೆ ಬರೀಲಿಕ್ಕುಂಟು ಸಿಸ್ಟರ್. ಕೈ ಹಾಕಿದವರ ಹೆಸರು ಬರೀಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವರ ಹೆಸರು. ಬರಿಯ ಸಿಸ್ಟರ್ ಅಂತ ಬರೆದ್ರೆ ಸಾಲುವುದಿಲ್ಲ. ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಹೇಳಿ. ಏಳು ವರ್ಷದಲ್ಲಿ ಮೊದಲ ಸಲ. ಜಿ, ಇ, ಆರ್, ಟಿ — ಹೇಳುತ್ತ ಹೋದಳು, ತನ್ನ ಹೆಸರು ಇಷ್ಟು ಉದ್ದ ಎಂದು ಗೊತ್ತೇ ಇರಲಿಲ್ಲ, ಒಂದೊಂದು ಅಕ್ಷರಕ್ಕೂ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು, ಕೊನೆಯ ಇ ಹೇಳುವಾಗ ಸ್ವರ ಒಡೆಯಿತು, ಡಾಕ್ಟರ್ ತಲೆ ಎತ್ತಲಿಲ್ಲ, ಒಳ್ಳೆಯವರು, ಎತ್ತಲಿಲ್ಲ. ಕಾರ್ಖಾನೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೋ, ಎಣ್ಣೆ ಸಿಡಿದರೆ ಮತ್ತೆ ಇದೇ ಗತಿ, ಬಿಸಿಲಿಗೆ ಕೊಡೆ ಮೂರು ತಿಂಗಳು ಬಿಡಬೇಡ, ಎಂದು ಸುಂದರಿಗೆ ಹೇಳಬೇಕೆಂದು ತಿರುಗಿದರೆ ಅವಳು ಸ್ಟೂಲಿನಿಂದ ಎದ್ದು ವಾಶ್‌ಬೇಸಿನ್ನಿನ ಮೇಲಿನ ಕನ್ನಡಿಯ ಎದುರು ನಿಂತಿದ್ದಾಳೆ, ಕೆನ್ನೆಯನ್ನು ಮುಟ್ಟಿಯೂ ನೋಡುತ್ತಿಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದ ಎತ್ತಿ ಮೆಲುದನಿಯಲ್ಲಿ ಶುರು ಮಾಡಿದ್ದಾಳೆ, ಅಧ್ಯಕ್ಷರೇ, ಅಕ್ಕತಂಗಿಯರೇ, ನಾನು ಹದಿನಾಲ್ಕು ವರ್ಷದಿಂದ ಬೀಜ ಒಡೆಯುತ್ತಿದ್ದೇನೆ — ಹೊರಗೆ ಬೆಂಚಿನವರು ಮಾತು ನಿಲ್ಲಿಸಿದ್ದಾರೆ, ಸಿರಿಂಜಿನ ನೀರು ಬತ್ತುತ್ತಿರಬೇಕು, ಹೋಗಿ ಸ್ಟವ್ ಆರಿಸಬೇಕು, ಆದರೂ ಗೆರ್ಟ್ರೂಡ್ ಅಲ್ಲೇ ನಿಂತು ನೋಡುತ್ತಾಳೆ, ಕಿವಿಯ ಕೆಳಗೆ ಉದುರದೆ ಉಳಿದ ಸಿಪ್ಪೆಯ ಒಂದು ಚೂರು, ಕೆನ್ನೆ ಮಾತಿಗೆ ತಕ್ಕ ಹಾಗೆ ಏರುತ್ತದೆ, ಇಳಿಯುತ್ತದೆ, ಆ ಚೂರು ನಡುಗುತ್ತದೆ, ಬೀಳುವುದಿಲ್ಲ, ಮತ್ತೆ ಕೆನ್ನೆ, ಮತ್ತೆ ಆ ಚೂರು, ಬೆಳಕಿನಲ್ಲಿ ನಡುಗುತ್ತಿರುವ ಆ ಚೂರು